ಕಡಿಮೆ ಬೆಲೆಯ ಆರು ತಂತಿ ಬೇಸ್ ಗಿಟಾರ್: ತಂತಿ ಆರಿಸುವುದು ಹೇಗೆ, ಯಾವ ಭಾಗವನ್ನು ಯಾವಾಗ ಬದಲಾಯಿಸಬೇಕು

ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ರಸಮಂಜರಿ ತಂಡಗಳಲ್ಲಿ ಮತ್ತು ಚರ್ಚ್‌ಗಳ ಗಾಯನ ವೃಂದಗಳಲ್ಲಿ ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್, ನುಡಿಸುವವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಹೈದರಾಬಾದಿನ ಅಂಗಡಿಯಿಂದಲೋ ಆನ್‌ಲೈನ್‌ನಲ್ಲೋ ಕೈಗೆಟಕುವ ಬೆಲೆಗೆ ಆರು ತಂತಿಯ ಬೇಸ್ ತರಿಸಿಕೊಂಡಿರುತ್ತಾರೆ. ಮನೆಗೆ ತಂದು ನುಡಿಸಿದಾಗ ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿ ಮಬ್ಬಾಗಿ ಗುಂಯ್‌ಗುಡುತ್ತದೆ, ಮೇಲಿನ ತಂತಿ ತೆಳ್ಳಗೆ ಕಿರುಗುಟ್ಟುತ್ತದೆ. ಆಗ ‘ಪಿಕಪ್ ಬದಲಾಯಿಸಲೇ, ಬ್ರಿಡ್ಜ್ ಬದಲಾಯಿಸಲೇ, ಇಲ್ಲವೇ ಇದನ್ನು ಮಾರಿ ಬೇರೆ ತೆಗೆದುಕೊಳ್ಳಲೇ?’ ಎಂದು ಕೇಳುತ್ತಾರೆ. ಮೊದಲು ಸರಿಯಾದ ತಂತಿ, ಆಮೇಲೆ ಸೆಟಪ್ (ವಾದ್ಯವನ್ನು ಆ ತಂತಿಗೆ ಹೊಂದಿಸುವುದು), ಅದಾದ ನಂತರವೂ ಕೊರತೆ ಉಳಿದರೆ ಮಾತ್ರ ಬಿಡಿಭಾಗ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಕ್ರಮವನ್ನು ತಿರುಗಿಸಿದವರು ಪಿಕಪ್‌ಗೆ ದುಡ್ಡು ಸುರಿದು, ಅದೇ ಸಡಿಲ ತಂತಿಯ ಅದೇ ಮಬ್ಬು ಧ್ವನಿಯನ್ನು ಇನ್ನಷ್ಟು ಜೋರಾಗಿ ಕೇಳಿಸಿಕೊಳ್ಳುತ್ತಾರೆ.

ಕೆಲಸಕ್ಕೆ ಇಳಿಯುವ ಮುನ್ನ ಕೆಲವು ಪದಗಳನ್ನು ತಿಳಿದುಕೊಳ್ಳಿ. ತಂತಿಯನ್ನು ಬಿಗಿಯುವ ಕೀಲಿಯನ್ನು ವೀಣೆಯಲ್ಲಿ ಹೇಳುವಂತೆ ಇಲ್ಲಿಯೂ ಬಿರಡೆ ಎನ್ನುತ್ತೇನೆ. ಬಿರಡೆಗಳ ಕೆಳಗೆ, ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ಸಣ್ಣ ಕಚ್ಚುಗಳಿರುವ ಪಟ್ಟಿಯೇ ನಟ್. ದೇಹದ ಮೇಲೆ ತಂತಿಗಳನ್ನು ಹಿಡಿದಿಡುವ ಲೋಹದ ಭಾಗ ಬ್ರಿಡ್ಜ್. ಅದರಲ್ಲಿ ಒಂದೊಂದು ತಂತಿಗೂ ಇರುವ, ಹಿಂದೆ ಮುಂದೆ ಮತ್ತು ಮೇಲೆ ಕೆಳಗೆ ಸರಿಸಬಹುದಾದ ತುಣುಕು ಸ್ಯಾಡಲ್. ಕುತ್ತಿಗೆಯ, ಅಂದರೆ ನೆಕ್‌ನ, ಒಳಗೆ ಕೂತು ಅದರ ಬಾಗನ್ನು ಹಿಡಿತದಲ್ಲಿಡುವ ಉಕ್ಕಿನ ಸರಳು ಟ್ರಸ್ ರಾಡ್. ನೆಕ್‌ನ ಮೇಲೆ ಅಡ್ಡಲಾಗಿ ಕೂರಿಸಿದ, ನಟ್ ಕಡೆಯಿಂದ ಎಣಿಸುವ ಲೋಹದ ಪಟ್ಟಿಗಳೇ ಫ್ರೆಟ್. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವುದು ಪಿಕಪ್. ಆ ಸಂಕೇತವನ್ನು ಗಿಟಾರಿನೊಳಗೇ ಹೆಚ್ಚಿಸಿ ಧ್ವನಿಯನ್ನು ತಿದ್ದುವ, ಬ್ಯಾಟರಿಯಿಂದ ನಡೆಯುವ ಸಣ್ಣ ಸರ್ಕ್ಯೂಟ್ ಪ್ರಿಆಂಪ್.

ಹಂತ 1: ನಿಮ್ಮ ಬೇಸನ್ನು ಅಳೆಯಿರಿ

ಇಂದು ನಾವು ಆರು ತಂತಿಯ ಬೇಸ್ ಎನ್ನುವುದು, ಅಮೆರಿಕದ ಬೇಸ್ ವಾದಕ ಆ್ಯಂಟನಿ ಜಾಕ್ಸನ್ ಅವರ ಕೋರಿಕೆಯಂತೆ ಕಾರ್ಲ್ ಥಾಂಪ್ಸನ್ 1975ರಲ್ಲಿ ಕಟ್ಟಿಕೊಟ್ಟ ವಾದ್ಯದ ವಂಶಕ್ಕೆ ಸೇರಿದ್ದು. ಮಂದ್ರದಿಂದ ತಾರಕ್ಕೆ ಅದರ ಶ್ರುತಿ ಬಿ, ಇ, ಎ, ಡಿ, ಜಿ, ಸಿ. ಇದಕ್ಕಿಂತ ಮೊದಲೇ, 1961ರಲ್ಲಿ, ಫೆಂಡರ್ ಕಂಪನಿ ‘ಬೇಸ್ ಸಿಕ್ಸ್’ ಎಂಬ ಬೇರೆಯೇ ವಾದ್ಯವನ್ನು ಹೊರತಂದಿತ್ತು. ಅದರಲ್ಲಿ ಕಂಪಿಸುವ ತಂತಿಯ ಉದ್ದ 30 ಇಂಚು. ಸಾಮಾನ್ಯ ಗಿಟಾರಿನ ಶ್ರುತಿಗಿಂತ ಒಂದು ಸ್ಥಾಯಿ ಕೆಳಗೆ, ಇ ಇಂದ ಇ ವರೆಗೆ ಅದನ್ನು ಶ್ರುತಿ ಮಾಡುತ್ತಾರೆ. ಆನ್‌ಲೈನ್‌ನಲ್ಲಿ ‘ಬೇಸ್’, ‘ಆರು’ ಎಂದು ಹುಡುಕಿದಾಗ ಈ ಎರಡೂ ವಾದ್ಯಗಳ ತಂತಿ ಸೆಟ್‌ಗಳು ಒಟ್ಟಿಗೇ ಕಾಣಿಸಿಕೊಳ್ಳುವುದರಿಂದ ತಪ್ಪು ಸೆಟ್ ಮನೆಗೆ ಬರುವುದು ಸುಲಭ. ಪೊಟ್ಟಣದ ಮೇಲೆ ಅತಿ ದಪ್ಪ ತಂತಿ 0.125 ಇಂಚಿಗಿಂತ ಕಡಿಮೆ ಎಂದಿದ್ದರೆ ಅದು ನಿಮ್ಮ ವಾದ್ಯದ್ದಲ್ಲ ಎಂದೇ ತಿಳಿದು, ಹಣ ಕೊಡುವ ಮುನ್ನ ಇನ್ನೊಮ್ಮೆ ಪರೀಕ್ಷಿಸಿ.

ಈಗ ಟೇಪು ಹಿಡಿಯಿರಿ. ನಟ್‌ನ ಒಳ ಅಂಚಿನಿಂದ 12ನೇ ಫ್ರೆಟ್‌ವರೆಗೆ ಅಳೆದು ಅದನ್ನು ಎರಡರಿಂದ ಗುಣಿಸಿದರೆ ಬರುವುದು ಸ್ಕೇಲ್ ಉದ್ದ, ಅಂದರೆ ಕಂಪಿಸುವ ತಂತಿಯ ಮೂಲ ಉದ್ದ. 432 ಮಿ.ಮೀ. ಬಂದರೆ ನಿಮ್ಮದು 34 ಇಂಚಿನ ಬೇಸ್; 444 ಮಿ.ಮೀ. ದಾಟಿದರೆ 35 ಇಂಚಿನದು. ಐಬನೆಜ್ ಜಿಎಸ್‌ಆರ್ 206 ಸೇರಿದಂತೆ ಅಗ್ಗದ ಮಾದರಿಗಳಲ್ಲಿ ಹೆಚ್ಚಿನವು 34 ಇಂಚಿನವು. ಒಂದಿಂಚಿನ ಈ ವ್ಯತ್ಯಾಸ ಚಿಕ್ಕದೆನಿಸಬಹುದು, ಆದರೆ ಬಿಗಿತ ಉದ್ದದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದೇ ತಂತಿ ಅದೇ ಸ್ವರದಲ್ಲಿ 35 ಇಂಚಿನ ಬೇಸ್ ಮೇಲೆ ಶೇ 6ರಷ್ಟು ಹೆಚ್ಚು ಬಿಗಿಯಾಗಿರುತ್ತದೆ. 34 ಇಂಚಿನವರು ಈ ಕೊರತೆಯನ್ನು ತಂತಿಯ ದಪ್ಪದಿಂದ ತುಂಬಿಕೊಳ್ಳಬೇಕಾಗುತ್ತದೆ.

ಹಂತ 2: ತಂತಿಯನ್ನು ಆರಿಸಿ

ಬಿ ತಂತಿ ಏಕೆ ಇಷ್ಟು ಕಾಡುತ್ತದೆ ಎಂಬುದು ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಇ ತಂತಿ ಸೆಕೆಂಡಿಗೆ 41.2 ಬಾರಿ ಕಂಪಿಸಿದರೆ, ಬಿ ತಂತಿ ಕಂಪಿಸುವುದು 30.87 ಬಾರಿ ಮಾತ್ರ. ಮನೆಯಲ್ಲಿಟ್ಟುಕೊಳ್ಳುವ ಸಣ್ಣ ಆಂಪ್ಲಿಫೈಯರ್ ಆಗಲಿ, ಜಾತ್ರೆಯ ವೇದಿಕೆಯ ಹೆಚ್ಚಿನ ಸ್ಪೀಕರ್‌ಗಳಾಗಲಿ 31 ಹರ್ಟ್ಜ್‌ನಷ್ಟು ಕೆಳಗಿನ ನಾದವನ್ನು ಬಲವಾಗಿ ಹೊರಡಿಸಲಾರವು. ಕೇಳುಗರ ಕಿವಿಗೆ ಬೀಳುವುದು ಅದರ ಎರಡು ಪಟ್ಟು, ಮೂರು ಪಟ್ಟು, ಅಂದರೆ ಸುಮಾರು 62 ಮತ್ತು 93 ಹರ್ಟ್ಜ್‌ನ ಹಾರ್ಮೋನಿಕ್‌ಗಳು. ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಅಂಶಗಳಿಗೆ ಹಾರ್ಮೋನಿಕ್ ಎಂದು ಹೆಸರು. ಇವು ಸ್ಪಷ್ಟವಾಗಿದ್ದರೆ ಕಿವಿ ಮೂಲ ಸ್ವರವನ್ನು ತಾನೇ ಗುರುತಿಸಿಕೊಳ್ಳುತ್ತದೆ. ಹಳೆಯದಾಗಿ ಜಿಡ್ಡು ತುಂಬಿದ ತಂತಿಯಲ್ಲಿ ಮೊದಲು ಸಾಯುವುದು ಈ ಹಾರ್ಮೋನಿಕ್‌ಗಳೇ. ಅಂಗಡಿಯಲ್ಲಿ ತಿಂಗಳುಗಟ್ಟಲೆ ನೇತಾಡಿದ ಬೇಸ್‌ನ ತಂತಿಯನ್ನು ಕೇಳಿ ವಾದ್ಯವೇ ಕೆಟ್ಟದ್ದೆಂದು ತೀರ್ಮಾನಿಸುವುದು ಇದೇ ಕಾರಣಕ್ಕೆ ತಪ್ಪು.

ಲೋಹದ ಆಯ್ಕೆಯಲ್ಲಿ, ಮೊದಲ ಸೆಟ್‌ಗೆ ನಿಕಲ್ ಲೇಪಿತ ಉಕ್ಕಿನ ರೌಂಡ್‌ವೌಂಡ್ ತಂತಿಯನ್ನೇ ಕೊಳ್ಳಿ ಎಂದು ಸಲಹೆ ಕೊಡುತ್ತೇನೆ. ರೌಂಡ್‌ವೌಂಡ್ ಎಂದರೆ ಒಳಗಿನ ಉಕ್ಕಿನ ಎಳೆಯ ಮೇಲೆ ದುಂಡನೆಯ ತಂತಿ ಸುತ್ತಿರುವುದು. ಧ್ವನಿ ಸ್ಪಷ್ಟವಾಗಿರುತ್ತದೆ, ಫ್ರೆಟ್‌ಗಳೂ ಬೇಗ ಸವೆಯುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಹೊಳಪಾಗಿ ನುಡಿಯುತ್ತದೆ, ಬೆವರಿಗೂ ತಡೆಯುತ್ತದೆ. ಆದರೆ ಬೆರಳಿಗೆ ಒರಟು, ಮೆತ್ತಗಿನ ಫ್ರೆಟ್‌ಗಳನ್ನು ಬೇಗ ತಿನ್ನುತ್ತದೆ. ಚಪ್ಪಟೆ ಪಟ್ಟಿ ಸುತ್ತಿದ ಫ್ಲ್ಯಾಟ್‌ವೌಂಡ್ ತಂತಿಗಳ ಗುಂಡಗಿನ, ಬೆಚ್ಚನೆಯ ನಾದ ಹಳೆಯ ಚಿತ್ರಗೀತೆಗಳಿಗೆ ಬಹಳ ಹೊಂದುತ್ತದೆಯಾದರೂ, ಆರು ತಂತಿಯ ಸೆಟ್‌ಗಳು ಕಡಿಮೆ ಸಿಗುತ್ತವೆ ಮತ್ತು ಈಗಾಗಲೇ ಮಬ್ಬಾಗಿರುವ ಬಿ ತಂತಿಗೆ ಅವು ಮದ್ದಲ್ಲ.

ಒಂದು ವಿಷಯದಲ್ಲಿ ನಮ್ಮ ಸೀಮೆಗೆ ಬೇರೆ ಲೆಕ್ಕ ಬೇಕು. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಡೂರು, ತೋರಣಗಲ್ಲು ಸುತ್ತ ಅದಿರಿನ ಕೆಂಧೂಳು ಗಾಳಿಯಲ್ಲೇ ಇರುತ್ತದೆ. ಬೆವರು ಮತ್ತು ನುಣ್ಣನೆಯ ಧೂಳು ಸೇರಿ ತಂತಿಯ ಸುತ್ತುಗಳ ನಡುವಿನ ಸಂದಿನಲ್ಲಿ ಗಟ್ಟಿಯಾಗಿ ಕೂರುತ್ತವೆ. ವಾರಕ್ಕೆರಡು ಬಾರಿ ವೇದಿಕೆ ಏರುವವರು ಪಾಲಿಮರ್ ಲೇಪನವಿರುವ ತಂತಿಯನ್ನು ಕೊಂಡರೆ ಮೊದಲ ಬೆಲೆ ಹೆಚ್ಚಾದರೂ ವರ್ಷದ ಲೆಕ್ಕದಲ್ಲಿ ನಷ್ಟವಾಗುವುದಿಲ್ಲ. ಮನೆಯಲ್ಲೇ ಅಭ್ಯಾಸ ಮಾಡುವವರಿಗೆ ಆ ಖರ್ಚು ಬೇಡ. ನುಡಿಸಿದ ಮೇಲೆ ಒಣಗಿದ ಹತ್ತಿ ಬಟ್ಟೆಯಿಂದ ತಂತಿಯ ಕೆಳಭಾಗವನ್ನೂ ಸೇರಿಸಿ ಒರೆಸಿದರೆ ಸಾಕು.

ದಪ್ಪಕ್ಕೆ ಬರೋಣ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಸೆಟ್ ಸಿ ಇಂದ ಬಿ ವರೆಗೆ 0.032, 0.045, 0.065, 0.080, 0.100, 0.130 ಇಂಚು. ಡಿ’ಅಡ್ಡಾರಿಯೊ, ಎರ್ನಿ ಬಾಲ್ ಕಂಪನಿಗಳ ಆರು ತಂತಿ ಸೆಟ್‌ಗಳೂ ಈ ಅಳತೆಯಲ್ಲಿ ಸಿಗುತ್ತವೆ. 34 ಇಂಚಿನ ಬೇಸ್‌ನಲ್ಲಿ 0.130 ಇಂಚಿನ ಬಿ ತಂತಿಯ ಬಿಗಿತ ಸುಮಾರು 15ರಿಂದ 16 ಕಿಲೋಗ್ರಾಂ. ಡಿ ತಂತಿಯದ್ದು 23ರ ಹತ್ತಿರ. ಕೈಗೆ ಬಿ ತಂತಿ ಜೋಲಿದಂತೆ ಅನಿಸುವುದು ಈ ಅಂತರದಿಂದ. 0.105 ಇಂಚಿನ ಇ ಮತ್ತು 0.135 ಇಂಚಿನ ಬಿ ಇರುವ ಸೆಟ್ ಕೊಂಡರೆ ಈ ಜೋಲು ಗಮನಾರ್ಹವಾಗಿ ತಗ್ಗುತ್ತದೆ. ಇನ್ನೂ ದಪ್ಪಕ್ಕೆ ಹೋದರೆ ಲಾಭ ಕಡಿಮೆ, ತೊಂದರೆ ಹೆಚ್ಚು. ತೀರ ದಪ್ಪ ತಂತಿ ಕಂಬಿಯಂತೆ ಸೆಟೆದುಕೊಂಡು ಹಾರ್ಮೋನಿಕ್‌ಗಳನ್ನೇ ಶ್ರುತಿ ತಪ್ಪಿಸುತ್ತದೆ, ನಟ್‌ನ ಕಚ್ಚಿನಲ್ಲೂ ಕೂರುವುದಿಲ್ಲ.

ಬಿ ತಂತಿ ‘ಟೇಪರ್ಡ್’ ಆಗಿದ್ದರೆ ಒಳ್ಳೆಯದು. ಬ್ರಿಡ್ಜ್ ತುದಿಯಲ್ಲಿ ಹೊರ ಸುತ್ತು ಇಲ್ಲದೆ ತಂತಿ ತೆಳ್ಳಗಾಗಿರುವುದಕ್ಕೆ ಈ ಹೆಸರು. ಅದು ಸ್ಯಾಡಲ್ ಮೇಲೆ ಸುಲಭವಾಗಿ ಬಾಗಿ ಕೂರುವುದರಿಂದ ಮೇಲಿನ ಫ್ರೆಟ್‌ಗಳಲ್ಲೂ ಸ್ವರ ಸರಿಯಾಗಿ ಬರುತ್ತದೆ. ಇಂಥ ತಂತಿ ಸ್ಯಾಡಲ್ ಮೇಲೆ ಕೆಳಗೆ ಕೂರುತ್ತದೆ, ಹಾಗಾಗಿ ಸ್ಯಾಡಲನ್ನು ಸ್ವಲ್ಪ ಏರಿಸಬೇಕಾಗಬಹುದು.

ಕೊನೆಯದಾಗಿ ತಂತಿಯ ಉದ್ದ. 34 ಇಂಚಿನ ಬೇಸ್‌ಗೆ ‘ಲಾಂಗ್ ಸ್ಕೇಲ್’ ಸಾಕು. 35 ಇಂಚಿನವರು, ಅಥವಾ ತಂತಿಯನ್ನು ದೇಹದ ಹಿಂಬದಿಯಿಂದ ಪೋಣಿಸುವ ಬೇಸ್ ಇರುವವರು, ತಂತಿಯ ತುದಿಯ ಗುಂಡು ಕೂರುವ ಜಾಗದಿಂದ ನಟ್‌ವರೆಗೆ ಅಳೆದು ‘ಎಕ್ಸ್‌ಟ್ರಾ ಲಾಂಗ್’ ಬೇಕೇ ಎಂದು ನೋಡಿ. ತುದಿಯ ರೇಷ್ಮೆ ಸುತ್ತು ಅಥವಾ ತೆಳ್ಳಗಾದ ಭಾಗ ನಟ್ ದಾಟಿದ ಮೇಲೆಯೇ ಶುರುವಾಗಬೇಕು.

ಹಂತ 3: ತಂತಿಯನ್ನು ಕಟ್ಟುವುದು

ಒಮ್ಮೆಲೇ ಆರನ್ನೂ ಬಿಚ್ಚಬೇಡಿ. ಆರು ತಂತಿಗಳ ಒಟ್ಟು ಎಳೆತ 100 ಕಿಲೋಗ್ರಾಂ ಮೀರುತ್ತದೆ. ಅದಷ್ಟೂ ಒಮ್ಮೆಗೆ ಇಳಿದರೆ ನೆಕ್ ಹಿಂದಕ್ಕೆ ಸರಿದು, ಶ್ರುತಿ ನಿಲ್ಲಲು ಹೆಚ್ಚು ಹೊತ್ತು ಬೇಕಾಗುತ್ತದೆ. ಒಂದನ್ನು ಬಿಚ್ಚಿ, ಒಂದನ್ನು ಕಟ್ಟಿ.

ಹೊಸ ತಂತಿಯನ್ನು ಎಳೆದು ಹಿಡಿದು, ಅದರ ಬಿರಡೆಯನ್ನು ದಾಟಿ ಸುಮಾರು 10ರಿಂದ 12 ಸೆಂ.ಮೀ. ಉಳಿಸಿ ಗುರುತು ಮಾಡಿಕೊಳ್ಳಿ. ಕತ್ತರಿಸುವ ಮೊದಲು ಆ ಗುರುತಿನಲ್ಲಿ ಇಕ್ಕಳದಿಂದ ನೇರ ಮೂಲೆಯಾಗುವಂತೆ ಬಗ್ಗಿಸಿ, ಬಾಗಿನ ಆಚೆಗೆ ಕತ್ತರಿಸಿ. ಬಗ್ಗಿಸದೆ ಕತ್ತರಿಸಿದರೆ, ಒಳ ಎಳೆ ದುಂಡಗಿರುವ ತಂತಿಗಳಲ್ಲಿ ಹೊರ ಸುತ್ತು ಒಳಗೊಳಗೇ ಜಾರಿ ಸಡಿಲವಾಗುತ್ತದೆ, ಆ ತಂತಿ ಮತ್ತೆ ಎಂದೂ ಸರಿಯಾಗಿ ನುಡಿಯುವುದಿಲ್ಲ. ಬಿರಡೆಯ ಮೇಲೆ ಸುತ್ತುಗಳು ಮೇಲಿನಿಂದ ಕೆಳಕ್ಕೆ ಇಳಿಯಬೇಕು. ತೆಳು ತಂತಿಗೆ ಮೂರು ಸುತ್ತು, ಬಿ ತಂತಿಗೆ ಎರಡು.

ಬಿ ತಂತಿ ಕಟ್ಟುವಾಗ ಅದು ತಿರುಚಿಕೊಳ್ಳದಂತೆ ನೋಡಿಕೊಳ್ಳುವುದು ಬಹಳ ಮುಖ್ಯ. ದಪ್ಪ ತಂತಿಯನ್ನು ಬಿರಡೆಗೆ ಸುತ್ತುತ್ತಾ ಹೋದಂತೆ ಅದು ತನ್ನ ಮೇಲೆಯೇ ಹೊರಳುತ್ತದೆ, ಹಾಗೆ ಹೊರಳಿದ ತಂತಿಯ ಸ್ವರ ಅಲುಗಾಡುತ್ತಾ ಬೇಗ ಆರಿಹೋಗುತ್ತದೆ. ಎಷ್ಟೋ ಜನ ಪಿಕಪ್‌ನ ಮೇಲೆ ಹೊರಿಸುವ ದೋಷ ನಿಜವಾಗಿ ಈ ತಿರುಚಿನದ್ದು. ತಂತಿ ಅರ್ಧ ಬಿಗಿಯಾದಾಗ ನಟ್ ಬಳಿ ಸಡಿಲ ಬಿಟ್ಟು, ಅದು ತಾನೇ ಬಿಚ್ಚಿಕೊಳ್ಳಲು ಅವಕಾಶ ಕೊಡಿ. ಶ್ರುತಿಗೆ ಬಂದ ಮೇಲೆ ಸ್ಯಾಡಲ್‌ನ ಮುಂದೆ ಮತ್ತು ನಟ್‌ನ ಎರಡೂ ಬದಿಯಲ್ಲಿ ತಂತಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಕೂರಿಸಿ. ಅಲ್ಲಿ ಕಮಾನಿನಂತೆ ಎದ್ದು ನಿಂತ ತಂತಿ ನೇರವಾದ ಕೂಡಲೇ ಬಿ ಸ್ವರದ ಅಂಚು ತಿಳಿಯಾಗುವುದನ್ನು ನಿಮ್ಮ ಕಿವಿಯೇ ಹೇಳುತ್ತದೆ.

ಹಂತ 4: ಸೆಟಪ್

ಸೆಟಪ್ ಎಂದರೆ ನೆಕ್‌ನ ಬಾಗು, ತಂತಿಯ ಎತ್ತರ, ಸ್ವರಶುದ್ಧಿ ಮತ್ತು ಪಿಕಪ್‌ನ ಎತ್ತರವನ್ನು ಹೊಸ ತಂತಿಗೆ ಹೊಂದಿಸುವುದು. ಕ್ರಮ ತಪ್ಪಬಾರದು, ಏಕೆಂದರೆ ಒಂದನ್ನು ಬದಲಿಸಿದರೆ ಮುಂದಿನದೆಲ್ಲ ಬದಲಾಗುತ್ತದೆ. ಬೇಸ್ ಪೂರ್ತಿ ಶ್ರುತಿಯಲ್ಲಿರಲಿ, ಅದನ್ನು ನುಡಿಸುವ ಭಂಗಿಯಲ್ಲೇ ಹಿಡಿದು ನೋಡಿ.

ಮೊದಲು ನೆಕ್. ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ, ನೆಕ್ ದೇಹಕ್ಕೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ನಡುವೆ 7ನೇ ಫ್ರೆಟ್‌ನ ಮೇಲೆ ಎಷ್ಟು ಸಂದು ಉಳಿದಿದೆ ನೋಡಿ. ಸುಮಾರು 0.3 ಮಿ.ಮೀ. ಇರಬೇಕು, ಬೈಕ್ ಮೆಕ್ಯಾನಿಕ್‌ಗಳ ಬಳಿ ಇರುವ ಫೀಲರ್ ಗೇಜ್ ಇದನ್ನು ಅಳೆಯಲು ಸರಿಯಾದ ಸಾಧನ. ಸಂದು ಹೆಚ್ಚಿದ್ದರೆ ಟ್ರಸ್ ರಾಡನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬಿಗಿ ಮಾಡಿ, ಕಡಿಮೆ ಇದ್ದರೆ ವಿರುದ್ಧ ದಿಕ್ಕಿನಲ್ಲಿ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಆರು ತಂತಿಯ ಅಗಲ ನೆಕ್‌ಗಳಲ್ಲಿ ಕೆಲವಕ್ಕೆ ಎರಡು ರಾಡ್‌ಗಳಿರುತ್ತವೆ, ಅಂಥವುಗಳಲ್ಲಿ ಎರಡನ್ನೂ ಸಮನಾಗಿ ತಿರುಗಿಸಬೇಕು. ಕೀ ಗಟ್ಟಿಯಾಗಿ ನಿಂತರೆ ಅಲ್ಲಿಗೇ ನಿಲ್ಲಿಸಿ, ತಿಳಿದವರಿಗೆ ತೋರಿಸಿ. ಮುರಿದ ರಾಡಿನ ದುರಸ್ತಿ ಅಗ್ಗದ ಬೇಸ್‌ನ ಬೆಲೆಯನ್ನೇ ಮೀರಬಹುದು.

ನಂತರ ನಟ್. ಪ್ರತಿ ತಂತಿಯನ್ನೂ 3ನೇ ಫ್ರೆಟ್‌ನಲ್ಲಿ ಒತ್ತಿದಾಗ ಮೊದಲ ಫ್ರೆಟ್‌ನ ಮೇಲೆ ಕಾಗದದ ದಪ್ಪದಷ್ಟು ಸಂದು ಉಳಿಯಬೇಕು. ಅಗ್ಗದ ಬೇಸ್‌ಗಳಲ್ಲಿ ನಟ್ ಸಾಮಾನ್ಯವಾಗಿ ಎತ್ತರವಾಗಿಯೇ ಇರುತ್ತದೆ, ಆಗ ಮೊದಲ ಮೂರು ಫ್ರೆಟ್‌ಗಳ ಸ್ವರ ಏರಿ ಕೇಳಿಸುತ್ತದೆ. ಶ್ರುತಿ ಮಾಡುವಾಗ ‘ಟಿಣ್’ ಎಂದು ಶಬ್ದವಾಗಿ ಸ್ವರ ಜಿಗಿದರೆ 0.135ರ ತಂತಿಗೆ ಕಚ್ಚು ಇಕ್ಕಟ್ಟಾಗಿದೆ ಎಂದರ್ಥ. ಕಚ್ಚನ್ನು ಅಗಲಿಸುವಾಗ ಅರವನ್ನು ಬಿರಡೆಯ ಕಡೆಗೆ ಇಳಿಜಾರಾಗಿ ಹಿಡಿಯಿರಿ, ಆಳ ಮಾಡಬೇಡಿ. ಕೆತ್ತಿದ್ದನ್ನು ಮರಳಿ ತುಂಬಲಾಗುವುದಿಲ್ಲವಾದ್ದರಿಂದ ಕೈ ಪಳಗದವರು ಈ ಒಂದು ಕೆಲಸವನ್ನು ಗಿಟಾರ್ ರಿಪೇರಿ ಮಾಡುವವರಿಗೆ ಬಿಡುವುದು ಲೇಸು.

12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ಸಿ ಕಡೆ ಸುಮಾರು 2 ಮಿ.ಮೀ., ಬಿ ಕಡೆ ಸುಮಾರು 2.5 ಮಿ.ಮೀ. ಇರಲಿ. ಬಿ ತಂತಿ ಅಗಲವಾಗಿ ಬೀಸುವುದರಿಂದ ಅದನ್ನು ತೀರ ಕೆಳಗಿಳಿಸಿದರೆ ಫ್ರೆಟ್‌ಗೆ ಬಡಿದು ಕಿರಿಕಿರಿಯಾಗುತ್ತದೆ. ಆಮೇಲೆ ಸ್ವರಶುದ್ಧಿ: 12ನೇ ಫ್ರೆಟ್‌ನ ನೇರ ಮೇಲೆ ತಂತಿಯನ್ನು ಬರೀ ಮುಟ್ಟಿ ಹುಟ್ಟಿಸಿದ ಹಾರ್ಮೋನಿಕ್ ಸ್ವರವನ್ನೂ, ಅಲ್ಲೇ ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಅಂದರೆ ನಟ್‌ನಿಂದ ದೂರಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ಬಿ ಸ್ಯಾಡಲ್ ಎಲ್ಲಕ್ಕಿಂತ ಹಿಂದೆ ನಿಲ್ಲುವುದು ಸಹಜ. ಮೊಬೈಲ್‌ನ ಟ್ಯೂನರ್‌ಗಳು ಬಿ ಸ್ವರವನ್ನು ಹಿಡಿಯಲು ತಡಕಾಡುತ್ತವೆ. ಹಾಗಾದರೆ 12ನೇ ಫ್ರೆಟ್‌ನ ಹಾರ್ಮೋನಿಕ್‌ನಿಂದಲೇ ಶ್ರುತಿ ಮಾಡಿ.

ಪಿಕಪ್‌ನ ಎತ್ತರವನ್ನು ಕಡೆಗಣಿಸುವವರೇ ಹೆಚ್ಚು. ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದಾಗ ಬಿ ತಂತಿಯ ಕೆಳಗೆ 3 ಮಿ.ಮೀ., ಸಿ ತಂತಿಯ ಕೆಳಗೆ 2 ಮಿ.ಮೀ. ಬಿಟ್ಟು ಶುರು ಮಾಡಿ. ಜೋರಾಗಿ ಕೇಳಲಿ ಎಂದು ಪಿಕಪ್ಪನ್ನು ತಂತಿಗೆ ಅಂಟುವಂತೆ ಏರಿಸಿದರೆ ಅಯಸ್ಕಾಂತವೇ ತಂತಿಯನ್ನು ಎಳೆದು ಸ್ವರ ನಡುಗುತ್ತದೆ. ಸಿ ತಂತಿ ತೆಳ್ಳಗೆ ಕೇಳುತ್ತದೆ ಎನ್ನುವವರು ಆ ಬದಿಯನ್ನು ಮಾತ್ರ ಅರ್ಧ ತಿರುವು ಏರಿಸಿ ನೋಡಿ.

ಇಲ್ಲಿಗೆ ಬಂದ ಮೇಲೆ ಒಂದು ವಾರ ನುಡಿಸಿ. ಬಿ ತಂತಿಯನ್ನು ಬ್ರಿಡ್ಜ್ ಕಡೆಯ ಪಿಕಪ್‌ನ ಮೇಲೆ ಮೀಟಿ, ನುಡಿಸದ ತಂತಿಗಳ ಮೇಲೆ ಹೆಬ್ಬೆರಳು ಮತ್ತು ಎಡಗೈ ಬೆರಳುಗಳನ್ನು ಮೆಲ್ಲಗೆ ಇಟ್ಟು ಸುಮ್ಮನಾಗಿಸಿ. ಆರು ತಂತಿಯಲ್ಲಿ ಒಂದನ್ನು ಮೀಟಿದರೆ ಉಳಿದವು ತಾವಾಗಿಯೇ ಅನುರಣಿಸುತ್ತವೆ. ಮಬ್ಬಿನ ದೊಡ್ಡ ಪಾಲು ಅದೇ. ಇಷ್ಟಾದ ಮೇಲೆ ತೃಪ್ತಿಯಾದವರು ಇಲ್ಲಿಗೇ ನಿಲ್ಲಿಸಬಹುದು, ಹಣ ಉಳಿಯಿತು.

ಹಂತ 5: ಗುಂಯ್ ಶಬ್ದ, ಬ್ಯಾಟರಿ ಮತ್ತು ಅರ್ಥಿಂಗ್

ತಂತಿ ಮುಟ್ಟಿದಾಗ ನಿಲ್ಲುವ, ಕೈ ತೆಗೆದಾಗ ಮರಳುವ ಗುಂಯ್ ಶಬ್ದಕ್ಕೆ ಒಳಗೆ ಶೀಲ್ಡಿಂಗ್ ಇಲ್ಲದಿರುವುದು ಸಾಮಾನ್ಯ ಕಾರಣ. ಹೊರಗಿನ ವಿದ್ಯುತ್ ಗದ್ದಲ ಒಳಬರದಂತೆ ಪಿಕಪ್ ಮತ್ತು ಕಂಟ್ರೋಲ್‌ಗಳ ಗೂಡಿಗೆ ಲೋಹದ ಹೊದಿಕೆ ಹಾಕುವುದೇ ಶೀಲ್ಡಿಂಗ್. ಅಂಟು ಕೂಡ ವಿದ್ಯುತ್ ಹರಿಸುವಂಥ ತಾಮ್ರದ ಟೇಪನ್ನು ಗೂಡಿನ ಗೋಡೆಗೆಲ್ಲ ಅಂಟಿಸಿ, ಒಂದು ವಯರಿನಿಂದ ಗ್ರೌಂಡ್‌ಗೆ, ಅಂದರೆ ಸರ್ಕ್ಯೂಟಿನ ಅರ್ಥ್ ಬಿಂದುವಿಗೆ, ಬೆಸುಗೆ ಹಾಕಿ, ಎಲ್ಲ ತುಂಡುಗಳೂ ಕೂಡಿವೆಯೇ ಎಂದು ಮಲ್ಟಿಮೀಟರ್‌ನಿಂದ ನೋಡಿ. ಜಾಕ್‌ನ ಸಂಕೇತದ ತುದಿ ಟೇಪಿಗೆ ತಾಗಿದರೆ ಧ್ವನಿ ಪೂರ್ತಿ ನಿಲ್ಲುತ್ತದೆ, ಅಲ್ಲಿ ಇನ್ಸುಲೇಷನ್ ಟೇಪ್ ಹಚ್ಚಿ. ಟಿವಿ ರಿಪೇರಿ ಮಾಡುವ ಯಾವ ಮೆಕ್ಯಾನಿಕ್ ಆದರೂ ಈ ಬೆಸುಗೆಯನ್ನು ಮಾಡಿಕೊಡಬಲ್ಲ. ಬಿಚ್ಚುವ ಮೊದಲು ಒಳಗಿನ ವಯರಿಂಗ್‌ನ ಫೋಟೊ ತೆಗೆದುಕೊಂಡಿರಿ.

ಪ್ರಿಆಂಪ್ ಇರುವ ಬೇಸ್‌ನಲ್ಲಿ ಕೇಬಲ್ ಚುಚ್ಚಿದ್ದಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಿರುತ್ತದೆ. ಧ್ವನಿ ಒಡೆದು ಕುಗ್ಗಿದರೆ ಬ್ಯಾಟರಿಯನ್ನೇ ಮೊದಲು ಬದಲಾಯಿಸಿ.

ಇನ್ನು ಜೀವದ ವಿಷಯ. ಬೇಸ್‌ನ ತಂತಿಗಳು ಸಾಮಾನ್ಯವಾಗಿ ಆಂಪ್ಲಿಫೈಯರ್‌ನ ಗ್ರೌಂಡ್‌ಗೆ ಕೂಡಿಕೊಂಡಿರುತ್ತವೆ. ಜನರೇಟರ್ ಮೇಲೆ ನಡೆಯುವ ಜಾತ್ರೆ, ಗಣೇಶೋತ್ಸವಗಳ ವೇದಿಕೆಯಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ, ತಂತಿಯ ಮೇಲೆ ಕೈಯಿಟ್ಟು ಮೈಕ್‌ಗೆ ತುಟಿ ತಾಗಿಸಿದಾಗ ಶಾಕ್ ಹೊಡೆಯಬಹುದು; ಅದು ಪ್ರಾಣಕ್ಕೂ ಕುತ್ತು. ಗುಂಯ್ ಶಬ್ದ ನಿಲ್ಲಲಿ ಎಂದು ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವ ಚಾಳಿಯನ್ನು ಯಾರೂ ಮಾಡಕೂಡದು. ಸಾಲಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಸಾಲನ್ನು ತಾನೇ ಕಡಿಯುವ ಸ್ವಿಚ್) ಹಾಕಿದ್ದಾರೆಯೇ ಎಂದು ಸೌಂಡ್‌ನವರನ್ನು ಕೇಳಿ, ಇಲ್ಲವೆಂದರೆ ಹಾಕಿಸಿ.

ಹಂತ 6: ಪ್ರಿಆಂಪ್ ಮತ್ತು ಪಿಕಪ್

ಇವೆರಡರಲ್ಲಿ ನಾನು ಮೊದಲು ಹೇಳುವುದು ಪ್ರಿಆಂಪನ್ನೇ. ಅಗ್ಗದ ಬೇಸ್‌ನ ಪ್ರಿಆಂಪ್‌ಗಳಲ್ಲಿ ಹಲವು ತಗ್ಗು ಧ್ವನಿಯನ್ನು ಏರಿಸಲು ಮಾತ್ರ ಬರುತ್ತವೆ, ಇಳಿಸಲು ಬರುವುದಿಲ್ಲ. ಆದರೆ ಆರು ತಂತಿಯ ಬೇಸ್‌ಗೆ ವೇದಿಕೆಯಲ್ಲಿ ಬೇಕಾಗುವುದು ತಗ್ಗನ್ನು ಸ್ವಲ್ಪ ಕಡಿದು ನಡುವಿನ ಧ್ವನಿಯನ್ನು ಎತ್ತುವುದು. ತಗ್ಗು, ನಡು, ತಾರ ಎಂಬ ಮೂರು ಧ್ವನಿಪಟ್ಟಿಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸಬಲ್ಲ ಪ್ರಿಆಂಪ್ ಕೊಳ್ಳಿ, ಅದು ಬ್ಯಾಟರಿಯೊಂದಿಗೆ ನಿಮ್ಮ ಗೂಡಿನಲ್ಲಿ ಹಿಡಿಸುತ್ತದೆಯೇ ಎಂದು ಅಳೆಯಿರಿ. 18 ವೋಲ್ಟ್‌ಗೆ ಒಪ್ಪುತ್ತದೆ ಎಂದು ತಯಾರಕರು ಬರೆದಿರದಿದ್ದರೆ ಎರಡು ಬ್ಯಾಟರಿ ಜೋಡಿಸಬೇಡಿ.

ಪಿಕಪ್ ಕೊಳ್ಳುವವರು ಈಗಿರುವ ಪಿಕಪ್‌ನ ಹೊರಕವಚದ ಉದ್ದ ಅಗಲಗಳನ್ನು ಮಿಲಿಮೀಟರ್‌ನಲ್ಲಿ ಅಳೆದು, ತಯಾರಕರ ಚಿತ್ರದೊಂದಿಗೆ ಹೋಲಿಸಿ ನೋಡದೆ ಹಣ ಕೊಡಬಾರದು. ಆರು ತಂತಿಗೆ ಬಳಸುವ ಇಎಂಜಿ 45 ಸುಮಾರು 114 ಮಿ.ಮೀ. ಉದ್ದವಿದೆ, ಉಳಿದ ಕಂಪನಿಗಳ ಅಳತೆಗಳು ಬೇರೆ. ಹೊಂದದ ಪಿಕಪ್‌ಗಾಗಿ ಮರ ಕೊರೆಯಿಸಿದರೆ ಮುಂದೆ ಮಾರುವ ಬೆಲೆಯೂ ಹೋಗುತ್ತದೆ. ಒಂದೊಂದು ತಂತಿಗೂ ಬೇರೆ ಅಯಸ್ಕಾಂತ ಇರುವ ಪಿಕಪ್‌ಗಿಂತ ಉದ್ದಕ್ಕೂ ಒಂದೇ ಪಟ್ಟಿಯ ಅಯಸ್ಕಾಂತವಿರುವುದು ಸುರಕ್ಷಿತ, ಏಕೆಂದರೆ ತಂತಿಗಳ ನಡುವಿನ ಅಂತರ ಬೇಸ್‌ನಿಂದ ಬೇಸ್‌ಗೆ ಬೇರೆಯಾಗುತ್ತದೆ. ಆ್ಯಕ್ಟಿವ್, ಅಂದರೆ ಬ್ಯಾಟರಿಯಿಂದ ನಡೆಯುವ, ಪಿಕಪ್‌ಗಳಾದ ಇಎಂಜಿಗೆ 25 ಕಿಲೋ ಓಮ್‌ನ ವಾಲ್ಯೂಮ್ ಕಂಟ್ರೋಲ್ ಬೇಕು, ಬ್ಯಾಟರಿ ಬೇಡದ ಸಾಮಾನ್ಯ ಪ್ಯಾಸಿವ್ ಪಿಕಪ್‌ಗೆ 250 ಅಥವಾ 500 ಕಿಲೋ ಓಮ್. ಇದನ್ನು ಅದಲುಬದಲು ಮಾಡಿದರೆ ಹೊಸ ಪಿಕಪ್ ಹಳೆಯದಕ್ಕಿಂತ ಕೆಟ್ಟದಾಗಿ ಕೇಳಿಸುತ್ತದೆ. ವಯರಿನ ಬಣ್ಣಗಳ ಅರ್ಥವೂ ಕಂಪನಿಯಿಂದ ಕಂಪನಿಗೆ ಬೇರೆ. ಊಹೆಯ ಮೇಲೆ ಬೆಸುಗೆ ಹಾಕಬೇಡಿ.

ಹಂತ 7: ಬ್ರಿಡ್ಜ್, ಬಿರಡೆ, ಬೆಲ್ಟ್

ಬ್ರಿಡ್ಜ್ ಬದಲಾಯಿಸಬೇಕಾದ ಸಂದರ್ಭಗಳು ಕಡಿಮೆ: ಸ್ಯಾಡಲ್‌ನ ತಿರುಪು ಸವೆದಿದ್ದರೆ, ಅಥವಾ ಬಿ ಸ್ಯಾಡಲ್ ಕೊನೆಯವರೆಗೂ ಸರಿದು ಸ್ವರ ಇನ್ನೂ ಏರಿಯೇ ಇದ್ದರೆ. ಬಿರಡೆ ಜಾರುತ್ತಿದೆ ಎನಿಸಿದರೆ ಅದನ್ನು ಹಿಡಿದಿರುವ ತಿರುಪುಗಳನ್ನು ಮೊದಲು ಬಿಗಿ ಮಾಡಿ ನೋಡಿ. ಇವೆರಡಕ್ಕಿಂತ ನಿಮ್ಮ ಬೆನ್ನಿಗೆ ಬೇಗ ಉಪಕಾರವಾಗುವುದು ಬೇಸನ್ನು ಹೆಗಲಿಗೆ ತೂಗುಹಾಕುವ 8ರಿಂದ 10 ಸೆಂ.ಮೀ. ಅಗಲದ ಬೆಲ್ಟ್, ಏಕೆಂದರೆ ಆರು ತಂತಿಯ ಬೇಸ್ ನಾಲ್ಕು ತಂತಿಯದಕ್ಕಿಂತ ಭಾರ, ರಸಮಂಜರಿ ರಾತ್ರಿಯೆಲ್ಲ ನಡೆಯುತ್ತದೆ.

ಮಾರ್ಚ್‌ನಿಂದ ಮೇ ವರೆಗೆ ಹವೆ ಒಣಗಿದಾಗ ಮರ ಕುಗ್ಗಿ ಫ್ರೆಟ್‌ಗಳ ತುದಿ ಕೈಗೆ ಚುಚ್ಚುವುದುಂಟು, ನೆಕ್‌ನ ಬಾಗೂ ಬದಲಾಗುತ್ತದೆ. ಬೇಸಿಗೆಯ ಮೊದಲು ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ 7ನೇ ಫ್ರೆಟ್‌ನ ಸಂದನ್ನು ಅಳೆಯಿರಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೂ, ಟೆಂಪೊದ ಟಾಪಿನ ಮೇಲೂ ಬೇಸ್ ಬಿಡಬೇಡಿ. ಹೊಸ ಸೆಟ್ ಹಾಕಿದಾಗ ಬಿಚ್ಚಿದ ಹಳೆಯ ಸಿ ಮತ್ತು ಜಿ ತಂತಿಗಳನ್ನು ಸುರುಳಿ ಮಾಡಿ, ಒಂದು 9 ವೋಲ್ಟ್ ಬ್ಯಾಟರಿ, ಟ್ರಸ್ ರಾಡ್‌ನ ಕೀ ಮತ್ತು ಇಕ್ಕಳದ ಜೊತೆ ಬೇಸ್‌ನ ಚೀಲದಲ್ಲೇ ಇಡಿ; ಸಿಂಧನೂರು, ಗಂಗಾವತಿ ಕಡೆಯ ಹಳ್ಳಿಯ ವೇದಿಕೆಯಲ್ಲಿ ರಾತ್ರಿ ಹನ್ನೊಂದಕ್ಕೆ ತಂತಿ ಹರಿದರೆ ಕೊಳ್ಳಲು ಅಂಗಡಿ ಸಿಗುವುದಿಲ್ಲ.